ಗ್ರಂಥಾಲಯದ ಉತ್ತರದ ಗೋಡೆ

ಶುಕ್ರವಾರ, ಬೆಳಿಗ್ಗೆ

ಎಂಜಿನಿಯರಾದರೂ ನನಗಿನ್ನೂ ಪುಟ್ಟಿಯೇ ಆಗಿರುವ ಮಗಳಿಗೆ,

ಅಪ್ಪನ ಆಶೀರ್ವಾದ. ಫೋನ್ ಇರುವಾಗ ಕಾಗದವೇಕೆ ಎಂದು ನಗಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ಮರೆಸುತ್ತೇನೆ. ಇಬ್ಬರಿಗೂ ಆ ಚಾಳಿ ಇದೆ.

ಬುಧವಾರ ಗ್ರಂಥಾಲಯದ ಸಭೆಯಲ್ಲಿ ನೀನು ವರದಿ ಓದುವಾಗ ನಾನು ಕೊನೆಯ ಬೆಂಚಿನಲ್ಲಿದ್ದೆ. ಹೆಮ್ಮೆ ಪಡಲೆಂದೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದೆ. ಉತ್ತರದ ಗೋಡೆಯ ಇಟ್ಟಿಗೆ ಪುಡಿಯಾಗಿದೆ, ಮೊದಲು ಕಟ್ಟಿದವರ ಸುಣ್ಣದ ಗಾರೆಯೇ ಕಳಪೆ, ಕಟ್ಟಡ ಕೆಡವುವುದೇ ಸರಿ ಎಂದೆ ನೀನು. ಕಟ್ಟಿದವರು ನಿನ್ನ ಸ್ವಂತ ಅಜ್ಜ, ನನ್ನ ಅಪ್ಪ, ಎಂಬುದನ್ನೂ ಮುಚ್ಚಿಡಲಿಲ್ಲ. ಎಲ್ಲರೂ ತಲೆದೂಗಿದರು. ನಾನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಪುಟ್ಟಿ, ಆ ಗೋಡೆಯನ್ನು ಹಾಳು ಮಾಡಿದವನು ನಾನು.

ಮೂವತ್ತು ವರ್ಷದ ಹಿಂದೆ ಅಲ್ಲಿ ಸ್ವಲ್ಪ ತೇವ ಕಂಡು, ರಿಪೇರಿ ಕೆಲಸ ನನ್ನ ಕೈಗೆ ಬಂದಿತ್ತು. ಸುಣ್ಣದಲ್ಲೇ ಸರಿಮಾಡೋಣ ಎಂದರು ನಿನ್ನಜ್ಜ. ಹಳೇ ಇಟ್ಟಿಗೆ ನೆಲದ ನೀರು ಹೀರುತ್ತೆ, ಸುಣ್ಣ ಅದನ್ನ ಹೊರಗೆ ಬಿಡುತ್ತೆ, ಗೋಡೆ ಉಸಿರಾಡಲಿ ಬಿಡೋ ಎಂದರು. ನನಗೆ ಸಿಮೆಂಟಿನ ಅಮಲು. ಎರಡೇ ದಿನಕ್ಕೆ ಕಲ್ಲಾಗುವ ವಸ್ತು ಕೈಯಲ್ಲಿರುವಾಗ ವಾರಗಟ್ಟಲೆ ಸುಣ್ಣ ನೆನೆಹಾಕಿ ಕಾಯುವವರು ಯಾರು? ಗೋಡೆಗೇನು ಮೂಗಿದ್ಯಾ ಅಪ್ಪಾ ಎಂದು ಆಳುಗಳೆದುರೇ ಆಡಿಕೊಂಡೆ. ಅವರು ಕರಣೆ ತೊಳೆದಿಟ್ಟು ಮನೆಗೆ ಹೋದರು. ಆಮೇಲೆ ನನ್ನ ಕೆಲಸದ ಕಡೆ ತಲೆ ಹಾಕಲಿಲ್ಲ. ಮಂಡಿನೋವಿನಿಂದ ಕೆಲಸ ಬಿಟ್ಟರೆಂದು ನಿಮಗೆಲ್ಲ ಹೇಳಿದ್ದು ಸುಳ್ಳು.

ಒಳಗೂ ಹೊರಗೂ ಹೆಬ್ಬೆರಳು ದಪ್ಪ ಸಿಮೆಂಟು ಬಳಿದೆ. ಕನ್ನಡಿಯ ಹಾಗಿತ್ತು, ನೋಡಿದವರೆಲ್ಲ ಹೊಗಳಿದರು. ಒಳಗಿನ ನೀರಿಗೆ ಮಾತ್ರ ಹೊರಬರಲು ದಾರಿ ಉಳಿಯಲಿಲ್ಲ. ಇಟ್ಟಿಗೆ ನೆನೆದು ನೆನೆದು ಉಪ್ಪುಗಟ್ಟಿ ಪುಡಿಯಾಯಿತು.

ಸಭೆ ಮುಗಿದ ಮೇಲೆ ಒಬ್ಬನೇ ಹೋಗಿ ನೋಡಿದೆ. ನನ್ನ ಪ್ಲಾಸ್ಟರ್ ತಟ್ಟಿದಲ್ಲೆಲ್ಲ ಟೊಳ್ಳು ಸದ್ದು. ಮೆಟ್ಟಿಲ ಕೆಳಗೆ, ಬಗ್ಗಲು ಸೋಮಾರಿತನವಾಗಿ ನಾನು ಬಳಿಯದೆ ಬಿಟ್ಟ ಮೂಲೆಯಿದೆ. ಅದೇ ಗೋಡೆ, ಅದೇ ತೇವದ ನೆಲ. ಅಲ್ಲಿ ಅಜ್ಜನ ಗಾರೆಗೆ ಮೊಳೆ ಒತ್ತಿ ನೋಡಿದೆ, ಇಳಿಯಲಿಲ್ಲ. ಅಲ್ಲೇ ಕೂತು ಅತ್ತೆ.

ಸೋಮವಾರ ಕೆಡವುವ ಆದೇಶಕ್ಕೆ ಸಹಿ ಬೀಳುತ್ತದೆ. ಅದಕ್ಕೆ ಮೊದಲು ಆ ಮೂಲೆಯನ್ನು ನೀನೇ ಬಗ್ಗಿ ನೋಡು. ಸಿಮೆಂಟು ಕೆತ್ತಿ, ಕೆಟ್ಟ ಇಟ್ಟಿಗೆ ಬದಲಿಸಿ, ಸುಣ್ಣದಲ್ಲೇ ಸರಿಮಾಡಿದರೆ ಕಟ್ಟಡ ಉಳಿಯಬಹುದು ಎಂದು ನನಗೆ ತೋರುತ್ತದೆ. ಭಾರದ ಲೆಕ್ಕ ನಿನಗೇ ಗೊತ್ತು. ವರದಿಯಲ್ಲಿ ಅಜ್ಜನ ಹೆಸರು ಹೊಡೆದು ನನ್ನದನ್ನು ಬರೆ. ನಾಲ್ಕು ಜನರ ಮುಂದೆ ನಿನಗೆ ಮುಜುಗರವಾದೀತು. ಅದಕ್ಕೆ ನನ್ನನ್ನು ಕ್ಷಮಿಸು.

ಇಂತಿ,
ಆ ಗೋಡೆಗೆ ಸಿಮೆಂಟು ಬಳಿದ ಮೇಸ್ತ್ರಿ,
ನಿನ್ನ ಅಪ್ಪ

ತಾ.ಕ.: ಅಪ್ಪನ ಹೆಸರು ಬರೆಯಲು ನಿನಗೆ ಕೈ ಬಾರದೇನೋ ಎಂದು ಹೆದರಿ, ಇದನ್ನೆಲ್ಲ ಇನ್ನೊಂದು ಹಾಳೆಯಲ್ಲಿ ಬರೆದು ನಿನ್ನ ಮೇಲಧಿಕಾರಿಗೆ ನಿನ್ನೆಯೇ ಕೊಟ್ಟು ಬಂದೆ. ಮಗಳಿಗೆ ಹೇಳಿದ್ದೀರಾ ಮೇಸ್ತ್ರಿ ಎಂದು ಕೇಳಿದರು. ಮೊದಲು ಅವಳಿಗೇ ಹೇಳಿದ್ದು ಎಂದುಬಿಟ್ಟೆ. ಇದನ್ನು ನಿನ್ನ ಬಾಗಿಲ ಕೆಳಗೆ ತೂರಿಸಿ ಹೋಗುತ್ತೇನೆ. ಕಚೇರಿಗೆ ಹೊರಡುವ ಮುಂಚೆ ಓದಿಬಿಡು ಪುಟ್ಟಿ, ಇಲ್ಲದಿದ್ದರೆ ಮತ್ತೆ ಸುಳ್ಳುಗಾರನಾಗುತ್ತೇನೆ.