ಹೊಲಿಗೆ ಮಿಷನ್ನಿನ ಎಣ್ಣೆ

ಗುರುವಾರ, ಹನ್ನೊಂದನೇ ತಾರೀಕು.

ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಲ್ಲಿ ಇನ್ನೂ ಸಾಲ್ವೆಂಟ್ ವಾಸನೆ. ಅತಿ ಬುದ್ಧಿವಂತನಿಗೆ ಹೀಗೇ ಆಗಬೇಕು.

ಹೋದ ತಿಂಗಳು ತೀರಿಕೊಂಡ ಬ್ಯಾಂಕ್ ಗಾರ್ಡ್‌ನ ಹೆಂಡತಿ ಬೆಳಿಗ್ಗೆ ನನ್ನ ಬಂದೂಕು ರಿಪೇರಿ ಅಂಗಡಿಗೆ ಬಂದು ಗಂಡನ ಬಂದೂಕು ಕೊಟ್ಟುಹೋಗಿದ್ದರು. ಲೈಸೆನ್ಸ್ ಅವರ ಹೆಸರಲ್ಲಿತ್ತು, ನಾಳೆ ಠಾಣೆಗೆ ಒಪ್ಪಿಸಬೇಕು, ಅಷ್ಟರಲ್ಲಿ ಚೊಕ್ಕ ಮಾಡಿಕೊಡಿ ಎಂದಷ್ಟೇ ಕೇಳಿದ್ದು. ಬಿಚ್ಚಿ ನೋಡಿದರೆ ಒಳಗೆಲ್ಲ ಹೊಲಿಗೆ ಮಿಷನ್ನಿನ ಎಣ್ಣೆ! ಇಪ್ಪತ್ತು ವರ್ಷ ಅದನ್ನೇ ಹಚ್ಚಿದ್ದಾನೆ ಮಹಾರಾಯ. ತೆಳು ಎಣ್ಣೆ ಬೇಗ ಆರಿಹೋಗುತ್ತದೆ. ಠಾಣೆಯ ಕೋಣೆಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಬಂದೂಕಿಗೆ ದಪ್ಪ ಎಣ್ಣೆಯೇ ಸರಿ. ಮೊದಲು ಒಣಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಸಾಲ್ವೆಂಟ್ ಹಾಕಿ ನಳಿಗೆಯ ಮಸಿಯನ್ನೆಲ್ಲ ತೆಗೆದೆ. ಒಣಗಿಸಿ, ದಪ್ಪ ಎಣ್ಣೆ ಸವರಿದೆ. ಕೆಲಸದಲ್ಲಿ ಒಂದು ಚೂರೂ ತಪ್ಪಿಲ್ಲ.

ಸಂಜೆ ವಾಪಸ್ ಬಂದ ಆಕೆ ಬಂದೂಕನ್ನು ನೋಡಲೇ ಇಲ್ಲ, ಮೂಸಿದರು.

"ಏನಣ್ಣ, ಅವರ ವಾಸನೇನೇ ಇಲ್ವಲ್ಲ ಇದರಲ್ಲಿ? ನನ್ನ ಮಿಷನ್ ಎಣ್ಣೇನೇ ಕದ್ದು ಹಚ್ತಿದ್ರು. ದಿನಾ ಜಗಳ ನಮಗೆ."

"ತುಕ್ಕು ಹಿಡೀಬಾರ್ದು ಅಂತ, ಅಮ್ಮ..." ಎಂದೆ. ತುಕ್ಕಿನ ಮಾತು ಯಾರಿಗೆ ಬೇಕಿತ್ತು?

ನಾನು ಮೊದಲು ಒರೆಸಿ ಎಸೆದ ಬಟ್ಟೆ ಮೇಜಿನ ಕೆಳಗೆ ಕಸದ ಡಬ್ಬಿಯಲ್ಲಿತ್ತು. ಅವರೇ ಬಗ್ಗಿ ಎತ್ತಿಕೊಂಡರು. ಮೂಗಿಗೆ ಹಿಡಿದು ಸುಮಾರು ಹೊತ್ತು ನಿಂತರು. ಆಮೇಲೆ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಮೆಲ್ಲಗೆ ಕೇಳಿದರು:

"ಇದನ್ನ ಠಾಣೇಲಿ ಕೇಳಲ್ಲ, ಅಲ್ವಾ?"