ಐರಾವತ ಮತ್ತು ಹುಣಸೆಹಣ್ಣಿನ ಅಪವಾದ

ರ್ಯಾಂಚೊ ಪೆನಾಸ್ಕಿಟೋಸ್, ಸ್ಯಾನ್ ಡಿಯೇಗೊ
16 ಫೆಬ್ರವರಿ 2025, ಭಾನುವಾರ

ಪ್ರೀತಿಯ ಚಂದ್ರು,

ಕಾಗದ ಬರೆಯುವಾಗ ಮೊದಲು ಕ್ಷೇಮ ಕೇಳಬೇಕು ಅಂತ ಅಪ್ಪ ಕಲಿಸಿದ್ದರು. ಈ ಸಲ ಅದು ಎರಡನೆಯದು. ಮೊದಲನೆಯದು ಇದು: 2022ರ ನವೆಂಬರ್ 5, ಶನಿವಾರ ಸಂಜೆ, ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, ನಾಟಕ ಮುಗಿದು ಊಟಕ್ಕೆ ಬಿಡುವ ಮುಂಚೆ, ನೀನು ಮೈಕ್ ಹಿಡಿದು ಇನ್ನೂರು ಜನರ ಮುಂದೆ ನನ್ನ ಮೇಲೆ ಒಂದು ಸುಳ್ಳು ಹೊರಿಸಿದೆ. ಒಂದೊಂದು ಮಾತೂ ನೆನಪಿದೆ. "ನಮ್ಮಕ್ಕ ಜಯದೇವಿ ಇಪ್ಪತ್ತೆರಡು ವರ್ಷ ಕರ್ನಿ ಮೆಸಾದ ಫ್ಯಾಕ್ಟರೀಲಿ ಕ್ವಾಲಿಟಿ ಟೆಸ್ಟಿಂಗ್ ಮಾಡಿದೋಳು. ರಿಟೈರ್ ಆದ್ಮೇಲೆ ಸುಮ್ನೆ ಕೂರಕ್ಕಾಗ್ಲಿಲ್ಲ, ಟ್ರೇಲರ್‌ಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಟೆಸ್ಟ್ ಮಾಡಿದ್ಳು. ಟ್ರೇಲರ್ ಫೇಲ್." ಸಭೆಯೆಲ್ಲ ನಕ್ಕಿತು. ಸಂಘದ ಬಾಲಸುಬ್ರಹ್ಮಣ್ಯ ಅವರು ಕಣ್ಣೀರು ಬರುವಷ್ಟು ನಕ್ಕು ಅಂಗಿಯ ಮೇಲೆ ಕಾಫಿ ಚೆಲ್ಲಿಕೊಂಡರು. ನಾನೂ ನಕ್ಕೆ. ತಮ್ಮ ಮೈಕ್ ಹಿಡಿದಿರುವಾಗ ಅಕ್ಕ ಎದ್ದು ಜಗಳ ಆಡುತ್ತಾಳೆಯೆ?

ಇನ್ನು ಕ್ಷೇಮ. ನಿನ್ನ ಮಂಡಿ ನೋವು ಹೇಗಿದೆ? ಕಳೆದ ತಿಂಗಳ ಕಾಡ್ಗಿಚ್ಚಿನ ಹೊಗೆ ನಿಮ್ಮ ಪೋರ್ಟರ್ ರ್ಯಾಂಚ್ ಕಡೆಯಿಂದ ಪೂರ್ತಿ ಹೋಯಿತೆ? ನಿನ್ನ ಮನೆಯಾಕೆ ಮಂಜುಶ್ರೀಗೆ ಕೆಮ್ಮು ಇನ್ನೂ ಇದೆ ಅಂತ ನಮ್ಮ ನಿಹಾರಿಕಾ ಹೇಳಿದಳು. ಬಿಸಿನೀರಿನ ಹಬೆ ತೆಗೆದುಕೊಳ್ಳಲಿ, ಕಿಟಕಿ ತೆರೆಯುವ ಮುಂಚೆ ಗಾಳಿಯ ವರದಿ ನೋಡಲಿ. ನಾನು ಚೆನ್ನಾಗಿದ್ದೇನೆ. ಬಲಗೈ ಭುಜ ಮಾತ್ರ ಸ್ವಲ್ಪ ಹಿಡಿದುಕೊಂಡಿದೆ, ಅದಕ್ಕೆ ಕಾರಣ ಈ ಕಾಗದದಲ್ಲೇ ಬರುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ನಿಮಿಷಕ್ಕೆ ನನ್ನನ್ನು ನಗಿಸಿ ಮಾತು ಬೇರೆ ಕಡೆ ಕೊಂಡೊಯ್ಯುತ್ತೀಯ. ಕಾಗದವನ್ನು ಹಾಗೆ ಕೊಂಡೊಯ್ಯಲು ಆಗುವುದಿಲ್ಲ.

ನೀನು ಅದನ್ನು ತಮಾಷೆ ಅಂದುಕೊಂಡಿರಬಹುದು. ತಮಾಷೆ ಎಲ್ಲಿಯವರೆಗೆ ಹೋಯಿತು ಅಂತ ನಿನಗೆ ಗೊತ್ತಿಲ್ಲ. ಮಿರಾಮಾರಿನ ಇಂಡಿಯನ್ ಸ್ಟೋರಿನಲ್ಲಿ ನಾನು ಹುಣಸೆಹಣ್ಣಿನ ಪ್ಯಾಕೆಟ್ ಕೈಗೆ ತೆಗೆದುಕೊಂಡರೆ ಪಕ್ಕದಲ್ಲಿದ್ದವರು "ಆಂಟಿ, ನಮ್ಮ ಹೋಂಡಾಗೂ ಹಚ್ಬಹುದಾ?" ಅನ್ನುತ್ತಾರೆ. ಅದನ್ನು ತಡೆದುಕೊಂಡೆ. ಆದರೆ ನನ್ನ ಮಗಳೂ ನಂಬಿದಳು. ಹೋದ ದಸರಾಕ್ಕೆ ಬಂದಾಗ ನಿಹಾರಿಕಾ ಟ್ರೇಲರಿನ ಸುತ್ತ ಒಂದು ಸುತ್ತು ಬಂದು, ಸುಲಿದು ನಿಂತ ಗೋಡೆಯನ್ನು ನೋಡಿ, "ಅಮ್ಮಾ, ಇಟ್ಸ್ ಗಾನ್. ಲೆಟ್ ಇಟ್ ಗೋ. ಆಸಿಡ್ ಹಾಕಿದ್ಮೇಲೆ ಏನೂ ಮಾಡಕ್ಕಾಗಲ್ಲ" ಅಂದಳು. ಗುಜರಿಯವರ ನಂಬರನ್ನೂ ಫ್ರಿಜ್ ಮೇಲೆ ಅಂಟಿಸಿ ಹೋದಳು. ನಿನ್ನ ಭಾವ 1996ರಲ್ಲಿ ತಂದ, ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಟ್ರೇಲರ್ ಅದು. ಬಿಳಿ ಮೈ, ಮುಂದೆ ಸೊಂಡಿಲಿನ ಹಾಗೆ ಎಳೆಯುವ ಕೊಂಡಿ ಇದೆ ಅಂತ ಅದಕ್ಕೆ ಐರಾವತ ಅಂತ ಹೆಸರಿಟ್ಟವರೂ ಅವರೇ. ಎರಡೂ ಮನೆಯವರು ಅದರೊಳಗೆ ಮೊಣಕೈಗೆ ಮೊಣಕೈ ತಾಗಿಸಿ ಮಲಗಿ ಸಿಕ್ವೊಯಾ ಕಾಡು ನೋಡಿದ್ದೇವೆ, ಜೋಶುವಾ ಟ್ರೀ ಮರುಭೂಮಿಯಲ್ಲಿ ಉಪ್ಪಿಟ್ಟು ಮಾಡಿ ತಿಂದಿದ್ದೇವೆ. ಅಂಥದ್ದು ಒಂದು ಸುಳ್ಳಿನ ದೆಸೆಯಿಂದ ಗುಜರಿಗೆ ಹೋಗುವುದನ್ನು ನಾನು ನೋಡುತ್ತ ಕೂರಲಾರೆ. ಆ ದಿನವೇ ನಿರ್ಧಾರ ಮಾಡಿದೆ, ಅದರ ಮೈಯನ್ನು ನಾನೇ ಮೊದಲಿನ ಹಾಗೆ ಮಾಡುತ್ತೇನೆ, ಯಾರು ಏನು ಮಾಡಿದರು ಅನ್ನುವುದನ್ನು ಆ ಗೋಡೆಯ ಬಾಯಿಂದಲೇ ಹೇಳಿಸುತ್ತೇನೆ ಅಂತ.

ನಾನು ಮಾಡಿದ್ದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 2021ರ ಆಗಸ್ಟಿನಲ್ಲಿ, ಆ ವರ್ಷ ನಮಗೆ ಹಬ್ಬ ಇಲ್ಲದಿದ್ದರೂ, ವರಮಹಾಲಕ್ಷ್ಮಿಯ ಹೊತ್ತಿಗೆ ಅಭ್ಯಾಸದಂತೆ ಹಿತ್ತಾಳೆ ದೀಪ, ಕಳಶ ಎಲ್ಲ ತಿಕ್ಕಿ ಮುಗಿಸಿದಾಗ ಒಂದು ಹಿಡಿ ಹುಣಸೆಹಣ್ಣು ಮಿಕ್ಕಿತ್ತು. ಐರಾವತ ವರ್ಷಗಟ್ಟಲೆ ಬಾಡಿಗೆಯ ಜಾಗದಲ್ಲಿ ಬಯಲು ಬಿಸಿಲಿಗೆ ನಿಂತು, ಕೊರೋನಾ ಶುರುವಾದಾಗ ಮನೆಗೆ ತಂದು ನಿಲ್ಲಿಸುವ ಹೊತ್ತಿಗೇ ಮೈಯೆಲ್ಲ ಮಂಕಾಗಿತ್ತು. ಒರಗಿದರೆ ಸಾಕು, ಸುಣ್ಣದ ಗೋಡೆಗೆ ಒರಗಿದ ಹಾಗೆ ಸೀರೆಗೆಲ್ಲ ಬಿಳಿ ಪುಡಿ. ಕಳಶ ಬೆಳಗುವ ಹಣ್ಣು ಇದನ್ನೂ ಬೆಳಗಬಹುದು ಅಂತ ಬಾಗಿಲ ಹಿಡಿಯ ಕೆಳಗೆ ಒಂದು ಮೊಳ ಜಾಗದಲ್ಲಿ ತಿಕ್ಕಿ, ಹತ್ತು ನಿಮಿಷಕ್ಕೆ ತೊಳೆದುಬಿಟ್ಟೆ. ಒದ್ದೆ ಇರುವವರೆಗೆ ಹೊಳೆಯಿತು, ಒಣಗಿದ ಮೇಲೆ ಮತ್ತೆ ಮಂಕು. ಅಷ್ಟೇ. ಅದು ದಡ್ಡತನ, ಒಪ್ಪುತ್ತೇನೆ. ಟ್ರೇಲರಿನ ಫೈಬರ್‌ಗ್ಲಾಸ್ ಮೈಯನ್ನು ಹಿತ್ತಾಳೆ ಅಂದುಕೊಳ್ಳುವುದು ನಮ್ಮ ತುಮಕೂರಿನ ಮನೆಯಲ್ಲಿ ಬೆಳೆದವರು ಮಾತ್ರ ಮಾಡುವ ತಪ್ಪು. ಶುಕ್ರವಾರ ದೇವರ ಸಾಮಾನು ತಿಕ್ಕಲು ಅಮ್ಮ ನಿನ್ನ ಕೈಗೆ ಕೊಟ್ಟ ಹುಣಸೆಹಣ್ಣನ್ನು ನೀನು ತಿಂದು, ಉದ್ಧರಣೆಯನ್ನು ಅಂಗಿಯ ತುದಿಯಲ್ಲಿ ಒರೆಸಿ ಇಡುತ್ತಿದ್ದೆ. ಆಗಿನಿಂದಲೂ ನಿನಗೆ ತಿಕ್ಕುವುದಕ್ಕಿಂತ ಒರೆಸುವುದೇ ಇಷ್ಟ.

ಈಗ ನೀನು ಮಾಡಿದ್ದು. ಅದೇ ವರ್ಷ ಅಕ್ಟೋಬರಿನಲ್ಲಿ ನೀನು ಬಂದೆ. ನಿನ್ನ ಭಾವ ಹೋಗಿ ಒಂಬತ್ತು ತಿಂಗಳು. ಆ ಜನವರಿಯಲ್ಲಿ ಕೊರೋನಾ ಅಂತ ಆಸ್ಪತ್ರೆಯೊಳಗೆ ನಿನ್ನನ್ನು ಬಿಡಲಿಲ್ಲ, ಸಂಸ್ಕಾರಕ್ಕೆ ಹತ್ತೇ ಜನ ಅಂದರು. ನಿನಗೆ ಏನಾದರೂ ಮಾಡಬೇಕಿತ್ತು ಅಂತ ನನಗೆ ಅರ್ಥವಾಗಿತ್ತು. ಅದಕ್ಕೇ ನಾನು ತಡೆಯಲಿಲ್ಲ. ಯಾವುದೋ ವಿಡಿಯೋ ನೋಡಿಕೊಂಡು ಬಂದವನು "ಅಕ್ಕ, ನೀನು ಕಾಫಿ ಮಾಡು, ಮಧ್ಯಾಹ್ನಕ್ಕೆ ಕನ್ನಡಿ ಮಾಡಿಕೊಡ್ತೀನಿ" ಅಂದೆ. ತೊಳೆಯಲಿಲ್ಲ, ಪುಡಿ ತೆಗೆಯಲಿಲ್ಲ, ಅದರ ಮೇಲೆಯೇ ಒಂದು ದ್ರವವನ್ನು ಬಟ್ಟೆಯಲ್ಲಿ ಅದ್ದಿ ನಾಲ್ಕು ಕೋಟು ಹಚ್ಚಿದೆ. ಸಂಜೆಗೆ ಕನ್ನಡಿಯೇ ಆಯಿತು, ಸುಳ್ಳು ಹೇಳಲಾರೆ. ನಾನು ನಿನಗೆ ಹೋಳಿಗೆ ಮಾಡಿ ಹಾಕಿದೆ. ಹಿಂಗೋಡೆಯಲ್ಲಿ ಕಿಟಕಿಯ ಕೆಳಗೆ ಎರಡು ಅಡಿಯ ಒಂದು ಚೌಕವನ್ನು ಮಾತ್ರ ಹಚ್ಚದೆ ಬಿಟ್ಟು ಹೋದೆ. ದ್ರವ ಮುಗಿಯಿತೋ, ಮಂಡಿ ನೋಯಿತೋ. ಗ್ಯಾರೇಜಿನ ಮಗ್ಗುಲಿಗೆ, ಸೂರಿನ ಕೆಳಗೆ ಬರುವ ಭಾಗ ಅದು, ಯಾರು ನೋಡುತ್ತಾರೆ ಅಂದುಕೊಂಡಿರಬೇಕು. ಕೆಲಸವನ್ನು ಅರ್ಧಕ್ಕೆ ಬಿಡುವುದೂ ನಿನ್ನ ಹಳೆಯ ಅಭ್ಯಾಸ. ಮರುವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ಆ ಕನ್ನಡಿ ಹಳದಿಯಾಗಿ, ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ನೋಡಿದವರು ಕೇಳಲು ಶುರುಮಾಡಿದರು. ನೀನು ಮೈಕ್ ಹಿಡಿದೆ.

ಖಾಲಿ ಬಾಟಲಿಯನ್ನು ನೀನು ನನ್ನ ಗ್ಯಾರೇಜಿನಲ್ಲೇ ಬಿಟ್ಟು ಹೋಗಿದ್ದೆ. ನಾನು ಲೇಬಲ್ ಓದುವವಳು ಅನ್ನುವುದನ್ನು ಮರೆತೆ. ಅದು ನೆಲಕ್ಕೆ ಹಚ್ಚುವ ಪಾಲಿಶ್, ಚಂದ್ರು. "ಮನೆಯೊಳಗಿನ ನೆಲಕ್ಕೆ ಮಾತ್ರ" ಅಂತ ದಪ್ಪ ಅಕ್ಷರದಲ್ಲಿದೆ. ಬಾಟಲಿಯನ್ನು ಹಾಗೇ ಇಟ್ಟಿದ್ದೇನೆ.

ಹೋದ ನವೆಂಬರಿನಲ್ಲಿ ಕೆಲಸ ಶುರುಮಾಡಿದೆ. ಮೊದಲು ಲೈಬ್ರರಿಯಿಂದ ದೋಣಿ ರಿಪೇರಿಯ ಎರಡು ಪುಸ್ತಕ ತಂದು ಓದಿದೆ, ಏಕೆಂದರೆ ದೋಣಿಗಳ ಮೈಯೂ ಇದೇ. ಫೈಬರ್‌ಗ್ಲಾಸಿನ ಮೇಲೆ ಜೆಲ್‌ಕೋಟ್ ಅಂತ ಒಂದು ಗಟ್ಟಿ ಪದರ ಇರುತ್ತದೆ. ಬಿಸಿಲಿಗೆ ಸತ್ತು ಪುಡಿಯಾಗುವುದು ಅದರ ಮೇಲ್ಮೈ ಮಾತ್ರ. ಸತ್ತದ್ದನ್ನು ಸವೆಸಿ ತೆಗೆದರೆ ಕೆಳಗೆ ಜೀವ ಇರುತ್ತದೆ. ಆದರೆ ಅದಕ್ಕೂ ಮುಂಚೆ ನಿನ್ನ ನಾಲ್ಕು ಕೋಟು ತೆಗೆಯಬೇಕಲ್ಲ. ನೆಲದ ಪಾಲಿಶ್ ಕೀಳುವ ದ್ರವ ತಂದು, ಕೈಗವಸು, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಬ್ರಷ್ಷಿನಿಂದ ಉಜ್ಜಿದೆ. ಹಾಲಿನ ಕೆನೆಯ ಹಾಗೆ ಮಡಿಸಿಕೊಂಡು ಬಂತು. ಅದಕ್ಕೇ ಮೂರು ವಾರ ಹಿಡಿಯಿತು. ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ, ಗೋಡೆಗೆ ಬಿಸಿಲು ತಾಗುವ ಮುಂಚೆ ಮಾತ್ರ ಕೆಲಸ. ಎತ್ತರದ ಭಾಗಕ್ಕೆ ನಮ್ಮ ಬೀದಿಯ ರುದ್ರಪ್ಪನವರು ಬಂದರು. ಗದಗಿನವರು, ಟೆಲಿಕಾಂನಲ್ಲಿ ರಿಟೈರ್ ಆದವರು, ನಿನಗೂ ಗೊತ್ತು. ಅವತ್ತು ನಿನ್ನ ಮಾತಿಗೆ ನಕ್ಕವರಲ್ಲಿ ಅವರೂ ಒಬ್ಬರು. ಬಾಟಲಿ ತೋರಿಸಿದೆ. ಕನ್ನಡಕ ಏರಿಸಿ ಓದಿ, "ಅಲ್ರೀ ಅಕ್ಕಾರ, ಚಂದ್ರಮೋಹನ್ ಅವ್ರು ನೆಲಕ್ಕ ಬಳಿಯೂದನ್ನ ಗ್ವಾಡಿಗೆ ಬಳದಾರಲ್ರೀ" ಅಂದವರೇ ಏಣಿ ಹತ್ತಿದರು.

ನಾನು ಕರ್ನಿ ಮೆಸಾದಲ್ಲಿ ಕಲಿತದ್ದು ಒಂದೇ: ದೂರು ಹೇಳುವ ಮುಂಚೆ ಎರಡು ತುಂಡನ್ನು ಪಕ್ಕಪಕ್ಕ ಇಟ್ಟು ನೋಡು. ಟೇಪ್ ಅಂಟಿಸಿ ಒಂದೇ ಅಳತೆಯ ಎರಡು ಚೌಕ ಮಾಡಿದೆ. ಒಂದು ಬಾಗಿಲ ಹಿಡಿಯ ಕೆಳಗೆ, ಹುಣಸೆಹಣ್ಣೂ ನಿನ್ನ ಪಾಲಿಶೂ ಎರಡೂ ಬಿದ್ದ ಜಾಗ. ಇನ್ನೊಂದು ಒಂದು ಗಜ ಆಚೆ, ನಿನ್ನ ಪಾಲಿಶ್ ಮಾತ್ರ ಬಿದ್ದ ಜಾಗ. ಎರಡಕ್ಕೂ ಒಂದೇ ಉಜ್ಜುವ ಪೇಸ್ಟು, ತಿರುಗುವ ಮೆಶಿನ್ನಿಗೆ ಒಂದೇ ಉಣ್ಣೆಯ ಪ್ಯಾಡು, ಅಷ್ಟೇ ಸುತ್ತು. ಆಮೇಲೆ ನಯವಾದ ಪಾಲಿಶ್, ಕೊನೆಗೆ ಮೇಣ. ಎರಡೂ ಒಂದೇ ಥರ ಹೊಳೆದವು, ಕೂದಲೆಳೆ ವ್ಯತ್ಯಾಸ ಇಲ್ಲ. ರುದ್ರಪ್ಪನವರು ಬಗ್ಗಿ ಹುಣಸೆಹಣ್ಣಿನ ಚೌಕದಲ್ಲಿ ಮುಖ ನೋಡಿಕೊಂಡು "ಇದರಾಗ ನನ್ನ ಮೀಸಿ ಕಾಣಾಕತ್ತೈತ್ರೀ. ಹುಣಸಿಹಣ್ಣಿಂದು ಏನೂ ತಪ್ಪಿಲ್ಲ ಬಿಡ್ರಿ" ಅಂದರು. ಫೋಟೋ, ತಾರೀಖು, ಅವರ ಸಹಿ, ಎಲ್ಲ ಇದೆ.

ಈಗ ಹಿಂಗೋಡೆ ಬಿಟ್ಟು ಉಳಿದ ಮೂರು ಬದಿ ಮುಗಿದಿದೆ. ಮುಂದಿನ ಮೂಲೆಯಲ್ಲಿ ಮೆಶಿನ್ನನ್ನು ಒಂದೇ ಕಡೆ ಒತ್ತಿ ಹಿಡಿದು ಅಂಗೈ ಅಗಲ ಜಾಗದಲ್ಲಿ ಜೆಲ್‌ಕೋಟನ್ನು ಪೂರ್ತಿ ಸವೆಸಿಬಿಟ್ಟೆ, ಕೆಳಗಿನ ಬೂದು ಬಣ್ಣ ಕಾಣುತ್ತದೆ. ಅದು ನನ್ನ ತಪ್ಪು, ಬಂದವರಿಗೆಲ್ಲ ನಾನೇ ತೋರಿಸುತ್ತೇನೆ. ಉಳಿದ ಮೈ ನಿಜವಾದ ಕನ್ನಡಿ. ಬೆಳಿಗ್ಗೆ ಪಕ್ಕದ ಮನೆಯ ನಿಂಬೆ ಗಿಡ ಅದರಲ್ಲಿ ಹಣ್ಣು ಸಮೇತ ಕಾಣುತ್ತದೆ. ನಿಹಾರಿಕಾ ಮೊನ್ನೆ ಬಂದು ಕೈಯಾಡಿಸಿದಳು, ಅಂಗೈ ತಿರುಗಿಸಿ ನೋಡಿಕೊಂಡಳು, ಪುಡಿ ಅಂಟಿರಲಿಲ್ಲ. ನೇರ ಒಳಗೆ ಹೋಗಿ ಫ್ರಿಜ್ ಮೇಲಿನ ಗುಜರಿ ನಂಬರನ್ನು ಕಿತ್ತು ಹಾಕಿದಳು. ಹಿಂಗೋಡೆಯ ಪಾಲಿಶ್ ಕಿತ್ತಾಗಿದೆ, ನೀನು ಬಿಟ್ಟ ಚೌಕವನ್ನು ಮುಟ್ಟಿಲ್ಲ. ಎಲ್ಲ ಹೇಗಿತ್ತು ಅನ್ನುವುದಕ್ಕೆ ಕೊನೆಯವರೆಗೂ ಒಂದು ಸಾಕ್ಷಿ ಇರಲಿ ಅಂತ. ನಾಳೆ ಅದನ್ನೂ ಮುಗಿಸುತ್ತೇನೆ.

1970 ನೆನಪಿದೆಯೆ? ಅಪ್ಪನ ಗೋಡೆ ಗಡಿಯಾರದ ಗಾಜನ್ನು ಚೆಂಡಿನಿಂದ ಒಡೆದವನು ನೀನು, ಬೈಸಿಕೊಂಡವಳು ನಾನು. ಒಂಬತ್ತು ವರ್ಷದ ನೀನು ಇಡೀ ದಿನ ತಾಳಿಕೊಂಡಿದ್ದು, ಮಾರನೆಯ ದಿನ ಊಟದ ಪಂಕ್ತಿಯಲ್ಲಿ ಎಲ್ಲರ ಮುಂದೆ ಎದ್ದು ನಿಂತು "ಅಕ್ಕ ಅಲ್ಲ, ನಾನು" ಅಂದೆ. ಕೈಯಲ್ಲಿ ಸಾರನ್ನ ಹಾಗೇ ಇತ್ತು. ಆ ಹುಡುಗನ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಅರವತ್ತನಾಲ್ಕು ವರ್ಷದವನ ಹತ್ತಿರ ಅಷ್ಟನ್ನೇ ಕೇಳುತ್ತಿದ್ದೇನೆ. ಅಪವಾದವನ್ನು ಮೈಕಿನಲ್ಲಿ ಹೊರಿಸಿ ಕ್ಷಮೆಯನ್ನು ವಾಟ್ಸಾಪಿನಲ್ಲಿ ಕೇಳುವುದು ದೊಡ್ಡ ದೊಡ್ಡವರ ಪದ್ಧತಿ. ನಾನು ಪೇಪರಿನಲ್ಲಿ ಐವತ್ತು ವರ್ಷದಿಂದ ಓದುತ್ತಿದ್ದೇನೆ. ಅದು ನಮ್ಮ ಮನೆಗೆ ಬೇಡ. ಏಪ್ರಿಲ್ 5ರಂದು ಯುಗಾದಿ ಕಾರ್ಯಕ್ರಮ ಅದೇ ಹಾಲ್‌ನಲ್ಲಿ, ನಿರೂಪಣೆ ನಿನ್ನದೇ ಅಂತ ಕರಪತ್ರದಲ್ಲಿ ನೋಡಿದೆ. ಊಟಕ್ಕೆ ಬಿಡುವ ಮುಂಚೆ ಎರಡು ನಿಮಿಷ ಸಾಕು. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ, ಬಾಟಲಿ ನನ್ನ ಚೀಲದಲ್ಲಿರುತ್ತದೆ.

ಮಂಜುಶ್ರೀಗೆ ನನ್ನ ಪ್ರೀತಿ ಹೇಳು. ನಿನ್ನ ಮಂಡಿಗೆ, ನಿನ್ನ ಮಾತಿಗೆ, ಎರಡಕ್ಕೂ ಬಲ ಬರಲಿ ಅಂತ ಹರಸುವ

ನಿನ್ನ ಅಕ್ಕ,
ಜಯದೇವಿ

ಮರೆತ ಮಾತು: ಸೋಮವಾರ ಬೆಳಿಗ್ಗೆ. ಇವತ್ತು ರಜ, ಟಪಾಲು ಹೋಗುವುದಿಲ್ಲ, ಅದಕ್ಕೇ ಕವರ್ ಒಡೆದು ಬರೆಯುತ್ತಿದ್ದೇನೆ. ನೀನು ಬಿಟ್ಟ ಚೌಕ ಮುಗಿಸೋಣ ಅಂತ ಮೆಶಿನ್ ಹಿಡಿದು ಹೋದೆ. ಸೂರಿನ ಕೆಳಗೆ ಮಬ್ಬು ಅಂತ ಟಾರ್ಚನ್ನು ಓರೆಯಾಗಿ ಇಟ್ಟಾಗ ಮೊದಲು ಅಂಚು ಕಂಡಿತು. ನಾಲ್ಕೂ ಕಡೆ ನೂಲು ಹಿಡಿದ ಹಾಗೆ ನೇರ. ದ್ರವ ಮುಗಿದು ಬಿಟ್ಟದ್ದಲ್ಲ, ಟೇಪ್ ಅಂಟಿಸಿ ಬಿಟ್ಟದ್ದು. ಆಮೇಲೆ ಪುಡಿಯ ಮೇಲೆ ಬೆರಳಿನಲ್ಲಿ ಬರೆದ ಅಕ್ಷರ ಕಂಡವು. ಧೂಳು ಸಿಕ್ಕಿದ ಕಡೆಯೆಲ್ಲ ಬರೆಯುವುದು ನಿನ್ನ ಭಾವನ ಅಭ್ಯಾಸ ಅಲ್ಲವೆ. "೧. ಟೈರ್ ೨. ಬ್ರೇಕ್ ಲೈಟ್ ೩. ಕೊರೋನಾ ಮುಗಿದ ಮೇಲೆ ಚಂದ್ರುನ ಕರೀಬೇಕು, ಅಂಜಾ ಬೊರೆಗೊ ಟ್ರಿಪ್‌ಗೆ." ಮೆಶಿನ್ನನ್ನು ಕೆಳಗಿಟ್ಟಿದ್ದೇನೆ. ಆ ಚೌಕ ಹಾಗೇ ಇರುತ್ತದೆ. ನೀರು ತಾಗದ ಹಾಗೆ ಮೇಲೊಂದು ಗಾಜಿನ ಚೌಕಟ್ಟು ಕೂರಿಸಲು ರುದ್ರಪ್ಪನವರು ಅಳತೆ ತೆಗೆದುಕೊಂಡು ಹೋದರು. ಟೈರ್ ನಾನು ಹಾಕಿಸಿದ್ದೇನೆ. ಬ್ರೇಕ್ ಲೈಟ್ ನೋಡಬೇಕಾದವನು ನೀನು, ನಿಮ್ಮಲ್ಲಿಂದ ಮೂರೇ ಗಂಟೆಯ ಡ್ರೈವ್, ಆದರೂ ಎರಡು ವರ್ಷದಿಂದ ನಮ್ಮ ಮನೆಗೆ ಬಂದಿಲ್ಲ. ಆದ್ದರಿಂದ ಏಪ್ರಿಲ್ 5ರಂದು ನಿನ್ನಿಂದ ಒಂದಲ್ಲ, ಎರಡು ಉತ್ತರ ಬೇಕು. ಹುಣಸೆಹಣ್ಣಿನ ಸುಳ್ಳನ್ನು ಇನ್ನೂರು ಜನಕ್ಕೆ ಹೇಳಿದ ನೀನು, ಇದನ್ನು ಓದಿ, ಟೇಪ್ ಅಂಟಿಸಿ ಕಾಪಾಡಿ, ಮೂರು ವರ್ಷ ನನಗೊಬ್ಬಳಿಗೂ ಹೇಳದೆ ಯಾಕಿದ್ದೆ? ಫೋನಿನಲ್ಲಿ ಬೇಡ. ಅದೇ ಹಾಲ್‌ನಲ್ಲಿ, ಅದೇ ಮೈಕಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳು.