ಕ್ಯಾಲೆಂಡರ್ ಟಿವಿಗೆ ಇವತ್ತಿನ ತಾರೀಕು ಹಾಕು

ಮಹಾಂತೇಶ,

ರಾತ್ರಿ ಪಾಳಿ ಮುಗಿಸಿ ಮಲಗಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ.

ಇವತ್ತು ಶಾಲೆಯಲ್ಲಿ ಲಾಸ್ಯಳ ಹಾಡು. “ನನ್ನ ಸರದಿ ಯಾವಾಗ ಅಂತ ಅಮ್ಮ ಫೋನಲ್ಲಿ ಹಾಕ್ತಾಳೆ, ಗೋಡೆ ಮೇಲಿನ ಕ್ಯಾಲೆಂಡರ್ ಟಿವೀಲಿ ಬರುತ್ತೆ, ನೋಡ್ಕೊಂಡು ಬಂದ್ಬುಡು ಕಣಜ್ಜಿ” ಅಂತ ಹೇಳಿ ಹೋದಳು.

ಅದರಲ್ಲಿ ಏನೂ ಬಂದಿಲ್ಲ. ‘ಸುರಕ್ಷಿತ ಸಂಪರ್ಕ ಸಿಗುತ್ತಿಲ್ಲ, ದಿನಾಂಕ ಸರಿಯಿದೆಯೇ ನೋಡಿ’ ಎಂದು ಬರೆದಿದೆ. ಅಕ್ಷರ ಕೂಡಿಸಿಕೊಂಡು ಓದಿದೆ. ನೀನು ನಿನ್ನೆ ಸಂಜೆಯಿಂದ ವೈಫೈ ಡಬ್ಬಿಯನ್ನೇ ಆರಿಸಿ ಹಾಕುತ್ತಿದ್ದೀಯಲ್ಲ, ಅದನ್ನು ಬಿಡು ಮಗಾ. ಕರೆಂಟು ಹೋಗಿ ಬಂದಮೇಲೆ ಟಿವಿ 1970ರ ಜನವರಿ ಒಂದು ಅಂತ ತೋರಿಸುತ್ತಿದೆ. ಆಗಿನ್ನೂ ನಾನು ನಿಮ್ಮಪ್ಪನ ಮುಖವನ್ನೇ ನೋಡಿರಲಿಲ್ಲ, ಇನ್ನು ಮೊಮ್ಮಗಳ ಹಾಡಿನ ಸುದ್ದಿ ಅದಕ್ಕೆ ಎಲ್ಲಿಂದ ಬರಬೇಕು!

ಎದ್ದಮೇಲೆ ತಾರೀಕು ಸರಿಮಾಡು. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಬಿಸಿಮಾಡಿಕೊಂಡು ತಿನ್ನು.

ಹಾಡು ಎಷ್ಟು ಹೊತ್ತಿಗೋ ನನಗೆ ಗೊತ್ತಿಲ್ಲ. ನಾನು ಕಾಣಿಸದಿದ್ದರೆ ಮಗು ಮುಖ ಸಣ್ಣದು ಮಾಡಿಕೊಳ್ಳುತ್ತೆ. ಅದಕ್ಕೇ ಈಗಲೇ ಬನ್ನಿಮಂಟಪದ ಬಸ್ಸು ಹತ್ತುತ್ತೇನೆ. ಬೆಳಗಿಂದ ಸಂಜೆವರೆಗೆ ಎಲ್ಲ ಮಕ್ಕಳ ಹಾಡೂ ಕೇಳುತ್ತೇನೆ, ಅವಳದು ಹೇಗೆ ತಪ್ಪೀತು? ನೀನು ಟೈಮ್ ನೋಡಿಕೊಂಡು ನಿಧಾನವಾಗಿ ಬಾ. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ನಿನಗೂ ಸೀಟು ಹಿಡಿದಿರುತ್ತೇನೆ.

ಅಮ್ಮ